ಮಗಳಿಗೊಂದು ಪತ್ರ: ಕಾರವಾರದಲ್ಲಿ ಸಾಮಾನು ಬಿಟ್ಟು ಹೊರಡುವ ಮೊದಲು

ಶಿರಸಿ,
ಮೇ ಮೊದಲ ವಾರ

ಪ್ರೀತಿಯ ಕೂಸೇ,

ಮನೆ ಖಾಲಿ ಮಾಡಿ, ಸಾಮಾನನ್ನೆಲ್ಲ ಬಾಡಿಗೆ ಕೋಣೆಗೆ ತುಂಬಿಸಿ ವರ್ಷದ ಮಟ್ಟಿಗೆ ಹೊರಡುತ್ತೀಯಂತೆ. ಬೀಗ ಎಂಥದು ಹಾಕಲಿ ಅಂತ ಕೇಳಿದ್ದೆ. ಅದನ್ನು ಕಡೆಗೆ ಹೇಳುತ್ತೇನೆ, ಯಾಕೆಂದರೆ ಕಾರವಾರದಲ್ಲಿ ಕಳ್ಳನಿಗಿಂತ ಮೊದಲು ಒಳಗೆ ಬರುವುದು ಥಂಡಿ, ಅಂದರೆ ತೇವ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸಿನ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಜೊತೆಗೆ ಉಪ್ಪುಗಾಳಿ. ಚಾಲಿ ಅಡಿಕೆಯನ್ನು ಅರೆ ಒಣಗಿದ್ದಾಗ ಚೀಲ ಕಟ್ಟಿದರೆ ಬೂಷ್ಟು ಹಿಡಿಯುತ್ತದೆಂದು ನಿನಗೆ ಗೊತ್ತಲ್ಲ, ಹಾಸಿಗೆ, ಪುಸ್ತಕ, ಫ್ರಿಜ್ಜು ಎಲ್ಲಕ್ಕೂ ಅದೇ ಲೆಕ್ಕ.

ಮೊದಲು ಕೋಣೆ. ಮೇ ತಿಂಗಳಲ್ಲಿ ಎಲ್ಲ ಗೋಡೆಯೂ ಒಣಗೇ ಕಾಣುತ್ತದೆ, ಅದನ್ನು ನಂಬಬೇಡ. ಗೋಡೆಯ ಬುಡದಲ್ಲಿ ಸುಣ್ಣ ಹೊಪ್ಪಳಿಕೆ ಎದ್ದು ಬಿಳೀ ಹಿಟ್ಟಿನಂಥ ಉಪ್ಪು ಉದುರುತ್ತಿದ್ದರೆ ನೆಲದ ನೀರು ಮೇಲೇರುತ್ತಿದೆ ಅಂತ ಅರ್ಥ. ಕೆಳಗಿನ ಎರಡಡಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೂ ಅನುಮಾನ ಪಡು. ಮಳೆಗಾಲದ ಗಾಳಿ ಕಡಲ ಕಡೆಯಿಂದ ಬೀಸುವುದರಿಂದ ಪಡುವಣ ಗೋಡೆ ಹೊರಗೆ ಬಯಲಿಗೆ ತೆರೆದ ಕೋಣೆ ಬೇಡ. ತಗಡಿನ ಮಾಡೂ ಬೇಡ. ರಾತ್ರಿ ತಗಡು ತಣ್ಣಗಾದಾಗ ಒಳಗಿನ ಹಬೆಯೇ ಹನಿಗಟ್ಟಿ ಸಾಮಾನಿನ ಮೇಲೆ ತೊಟ್ಟಿಕ್ಕುತ್ತದೆ, ಜನ ಸೋರುತ್ತಿದೆ ಅಂದುಕೊಳ್ಳುತ್ತಾರೆ. ಹೆಂಚಿನ ಮಾಡಾದರೆ ಮಂಗ ಸರಿಸಿದ ಒಂದು ಹೆಂಚು ಸಾಕು. ಆರ್‌ಸಿಸಿ ಕಟ್ಟಡದ ಮೊದಲ ಮಹಡಿ, ಮೇಲೆ ಇನ್ನೊಂದು ಮಹಡಿ ಇರುವಂಥದು ಸಿಕ್ಕರೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಹಿಡಿ. ಕಾಳಿ ನದಿಯ ದಂಡೆಯ ತಗ್ಗಿನಲ್ಲಿ ನೆಲಮಾಳಿಗೆ ಅಗ್ಗಕ್ಕೆ ಸಿಗಬಹುದು. 2019ರ ಆಗಸ್ಟಿನಲ್ಲಿ ಅದೇ ನದಿಯ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕೆಳಗಿನ ಊರುಗಳಿಗೆ ನೀರು ನುಗ್ಗಿದ್ದನ್ನು ನೆನಪಿಸಿಕೋ.

ನೆಲವನ್ನು ಪರೀಕ್ಷೆ ಮಾಡುವುದು ಸುಲಭ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಚ್ಚಿ, 16 ತಾಸಾದರೂ ಬಿಡು. ಎಬ್ಬಿಸಿದಾಗ ಒಳಮೈಯಲ್ಲಿ ಹನಿ ಕಂಡರೆ ಅಥವಾ ಅಷ್ಟು ಜಾಗ ಕಪ್ಪಾಗಿದ್ದರೆ ಬೇರೆ ಕೋಣೆ ಹುಡುಕು.

ಕೋಣೆ ಸಿಕ್ಕಿತೆಂದರೂ ಯಾವುದನ್ನೂ ನೆಲಕ್ಕೆ ತಾಗಿಸಬೇಡ. ನಾಲ್ಕಿಂಚಿನ ಸಿಮೆಂಟ್ ಬ್ಲಾಕಿನ ಮೇಲೆ ಹಲಗೆ ಹಾಕು. ಚಿರೆಕಲ್ಲು ಬೇಡ, ಅದು ನೀರು ಕುಡಿಯುವ ಕಲ್ಲು. ಬಂದರಿನ ಕಡೆ ಹಳೇ ಮೀನಿನ ಕ್ರೇಟು ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡ, ಎಷ್ಟು ತೊಳೆದರೂ ಸಂದಿಯಲ್ಲಿ ಉಪ್ಪು ಉಳಿಯುತ್ತದೆ, ಉಪ್ಪು ಗಾಳಿಯ ತೇವವನ್ನು ಎಳೆಯುತ್ತದೆ. ಗೋಡೆಯಿಂದ ಒಂದು ಗೇಣು ಬಿಡು, ನಡುವೆ ಎರಡಡಿ ದಾರಿ ಬಿಡು. ದಾರಿ ಇಲ್ಲದೆ ತುಂಬಿದ ಕೋಣೆಯಲ್ಲಿ ಹಿಂದಿನ ಸಾಲಿಗೆ ಒರಲೆ ಹತ್ತಿದ್ದು ಮುಂದಿನ ಸಾಲಿಗೆ ಬರುವವರೆಗೂ ಗೊತ್ತಾಗುವುದಿಲ್ಲ.

ಕಿರಾಣಿ ಅಂಗಡಿಯ ಹಳೇ ರಟ್ಟಿನ ಪೆಟ್ಟಿಗೆ ತರಲೇಬೇಡ. ಅದರ ಸುಕ್ಕಿನೊಳಗೆ ಜಿರಲೆ ಮೊಟ್ಟೆ ಬಂದಿರುತ್ತದೆ, ಆಷಾಢದ ಹೊತ್ತಿಗೆ ರಟ್ಟು ಮೆತ್ತಗಾಗಿ ಕೆಳಗಿನದು ಕುಸಿಯುತ್ತದೆ. ಮುಚ್ಚಳ ಬಿಗಿಯಾಗಿ ಕೂರುವ 50 ಲೀಟರಿನ ಪ್ಲಾಸ್ಟಿಕ್ ಡಬ್ಬಿ ಕೊಳ್ಳು. ಆದರೆ ಬಿಗಿ ಡಬ್ಬಿಗೆ ಒಂದು ಕೆಟ್ಟ ಗುಣವಿದೆ: ಒಳಗೆ ಹೋದ ತೇವವೂ ಹೊರಗೆ ಬರುವುದಿಲ್ಲ. ಹಾಗಾಗಿ ಬಟ್ಟೆ, ಪುಸ್ತಕವನ್ನು ಎರಡು ದಿನ ಬಿಸಿಲು ಕಾಣಿಸಿ, ತಣ್ಣಗಾದ ಮೇಲೆ, ಅದೇ ಮಧ್ಯಾಹ್ನ ತುಂಬಿಸು. ಸಂಜೆ ಗಾಳಿ ಬೀಸಿದ ಮೇಲೆ ತುಂಬಿಸಿದರೆ ಒಣಗಿಸಿದ್ದೆಲ್ಲ ವ್ಯರ್ಥ. ಡಬ್ಬಿಗೊಂದು 100 ಗ್ರಾಮ್ ಸಿಲಿಕಾ ಜೆಲ್ ಪೊಟ್ಟಣ ಇಡು. ಕಿತ್ತಳೆ ಬಣ್ಣದ ಹರಳು ಕಡು ಹಸಿರಾದರೆ ತೇವ ಕುಡಿದು ತುಂಬಿದೆ ಅಂತ. ನುಸಿಗುಳಿಗೆಗೂ ತೇವಕ್ಕೂ ಸಂಬಂಧವಿಲ್ಲ, ಅದು ಹುಳಕ್ಕೆ ಮಾತ್ರ. ಬಹಳ ಜನ ಗುಳಿಗೆ ಹಾಕಿ ನಿಶ್ಚಿಂತೆಯಿಂದಿರುತ್ತಾರೆ, ಬೂಷ್ಟು ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಅಂಗಡಿಯಲ್ಲಿ ನೇತುಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲ ಸಿಗುತ್ತದಲ್ಲ, ಅದನ್ನು ಕೋಣೆಯಲ್ಲಿ ಬಿಟ್ಟು ಹೋಗಬೇಡ. ಅದು ಎಳೆದ ನೀರು ಗಟ್ಟಿ ಉಪ್ಪುನೀರಾಗಿ ಕೆಳಗೆ ತುಂಬುತ್ತದೆ. ಚೆಲ್ಲಿದರೆ ಕಬ್ಬಿಣದ ಕಪಾಟನ್ನೇ ತಿನ್ನುತ್ತದೆ, ಚೆಲ್ಲಿದ ಜಾಗ ಒಣಗುವುದೂ ಇಲ್ಲ.

ನಿನ್ನ ಪುಸ್ತಕ ಡಬ್ಬಿಗೆ 12 ಕಿಲೋ ಮೀರದಿರಲಿ, ಎತ್ತುವವನ ಸೊಂಟದ ಪ್ರಶ್ನೆ ಅದು. ಕಪಾಟಿನಲ್ಲಿದ್ದಂತೆ ನಿಲ್ಲಿಸಿ ಜೋಡಿಸು, ಓರೆಯಾದರೆ ಬೆನ್ನು ಕಿತ್ತುಬರುತ್ತದೆ. ಜರಿ ಸೀರೆಯನ್ನು ಒಗೆದ ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತು. ಗುಳಿಗೆ ಜರಿಗೆ ತಾಗಿದರೆ ಕಪ್ಪಾಗುತ್ತದೆ. ಬೆಳ್ಳಿಯನ್ನೂ ರಬ್ಬರ್ ಬ್ಯಾಂಡಿನಿಂದ ಕಟ್ಟಬೇಡ, ಅದರಲ್ಲಿರುವ ಗಂಧಕ ಬೆಳ್ಳಿಯನ್ನು ಕರಿ ಮಾಡುತ್ತದೆ. ಅಷ್ಟಕ್ಕೂ ಬೆಳ್ಳಿ, ಬಂಗಾರ, ಸರ್ಟಿಫಿಕೇಟು ಬ್ಯಾಂಕಿನ ಲಾಕರಿಗೆ ಹೋಗಬೇಕು, ಕೋಣೆಗಲ್ಲ. ಹಿತ್ತಾಳೆ ಪಾತ್ರೆ ಹುಣಸೆಹಣ್ಣಿನಲ್ಲಿ ತಿಕ್ಕಿದ ಮೇಲೆ ಎರಡು ಸಲ ತೊಳೆದು ಬಿಸಿಲಿಗಿಡು. ಹುಳಿ ಉಳಿದಲ್ಲೆಲ್ಲ ಹಸಿರು ಕಿಲುಬು ಏಳುತ್ತದೆ.

ಹಾಸಿಗೆಗೆ ಹೊಸದರಲ್ಲಿ ಬಂದ ಪ್ಲಾಸ್ಟಿಕ್ ಚೀಲ ಮತ್ತೆ ಹಾಕಬೇಡ. ಹತ್ತಿ ಬೆಡ್‌ಶೀಟಿನಲ್ಲಿ ಸುತ್ತಿ ಹಲಗೆಯ ಮೇಲೆ ಮಲಗಿಸಿ, ಮೇಲೆ ಭಾರ ಹೇರದಿದ್ದರೆ ಆಯಿತು. ಕಬ್ಬಿಣದ ಕಪಾಟಿನ ಕಾಲು, ಬಿಜಾಗರಿ, ಗೀರು ಬಿದ್ದ ಜಾಗಕ್ಕೆ ಒದ್ದೆ ಬಟ್ಟೆಯಿಂದ ಉಪ್ಪು ಒರೆಸಿ, ಒಣಗಿಸಿ, ವ್ಯಾಸಲೀನ್ ತೆಳುವಾಗಿ ಸವರು. ತೆಂಗಿನೆಣ್ಣೆ ಬೇಡ, ಕಮಟು ಬಂದು ಇರುವೆ ಮುತ್ತುತ್ತದೆ.

ಫ್ರಿಜ್ಜಿಗೆ ಮಾತ್ರ ನಿಧಾನವಾಗಿ ಸಮಯ ಕೊಡು. ಹೊರಡುವ ಎರಡು ದಿನ ಮೊದಲೇ ಆರಿಸಿ, ಬಾಗಿಲು ತೆಗೆದಿಟ್ಟು, ಅಡಿಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ಒರೆಸು. ಬಾಗಿಲಿನ ರಬ್ಬರಿನ ಮಡಿಕೆಯೊಳಗೆ ಚಮಚದ ಹಿಡಿಗೆ ಬಟ್ಟೆ ಸುತ್ತಿ ಎಳೆ, ಬರುವ ಕೊಳೆ ನೋಡಿದರೆ ಬೂಷ್ಟು ಎಲ್ಲಿಂದ ಶುರುವಾಗುತ್ತದೆಂದು ತಿಳಿಯುತ್ತದೆ. ಎಲ್ಲರೂ ಮರೆಯುವುದು ಹಿಂಬದಿ ಕಂಪ್ರೆಸರಿನ ಮೇಲಿನ ನೀರಿನ ತಟ್ಟೆ. ಓಡುವಾಗ ಕಂಪ್ರೆಸರಿನ ಬಿಸಿಗೆ ಆ ನೀರು ಆರುತ್ತದೆ, ಆರಿಸಿಟ್ಟಾಗ ಕೊಳೆಯುತ್ತದೆ. ಸ್ಪಂಜಿನಿಂದ ಹೀರಿ ತೆಗೆ. ಬಾಗಿಲು ಪೂರ್ತಿ ಮುಚ್ಚದಂತೆ ಮಡಿಸಿದ ಬಟ್ಟೆ ಸಿಕ್ಕಿಸಿ, ಅದು ಬೀಳದಂತೆ ಹಗ್ಗ ಕಟ್ಟು. ಸಾಗಿಸುವಾಗ ನಿಲ್ಲಿಸಿಯೇ ಸಾಗಿಸಬೇಕು. ತಿರುಗಿ ತಂದ ದಿನ ನಾಲ್ಕು ತಾಸು ಬಿಟ್ಟು ಹಾಕು. ಯಾರಾದರೂ ಮಲಗಿಸಿ ತಂದಿದ್ದರೆ ಒಂದು ದಿನ ಬಿಡು, ಇಲ್ಲದಿದ್ದರೆ ಎಣ್ಣೆ ಕೊಳವೆಗೆ ಸರಿದು ಕಂಪ್ರೆಸರ್ ಕೆಡುತ್ತದೆ.

ವಾಷಿಂಗ್ ಮಷಿನ್ನಿನ ಕೆಳಗಿನ ಫಿಲ್ಟರ್ ಬಿಚ್ಚಿ ಉಳಿದ ನೀರು ಬಸಿ, ಕೊಳವೆಯನ್ನೂ ಬಗ್ಗಿಸು. ಮುಂಬಾಗಿಲಿನದಾದರೆ ಹೊಸದರಲ್ಲಿ ಬಿಚ್ಚಿಟ್ಟ ಸಾಗಣೆ ಬೋಲ್ಟು ಹುಡುಕಿ ಹಾಕು, ಇಲ್ಲವಾದರೆ ಲಾರಿಯ ಕುಲುಕಿಗೆ ಡ್ರಮ್ಮು ಜಖಂ ಆಗುತ್ತದೆ. ಟಿವಿ ಮಲಗಿಸಬೇಡ. ರಿಮೋಟು, ಗಡಿಯಾರದಿಂದ ಸೆಲ್ ತೆಗೆ.

ಇನ್ವರ್ಟರ್ ಬ್ಯಾಟರಿ ಕೋಣೆಯಲ್ಲಿಟ್ಟು ವರ್ಷ ಬಿಟ್ಟರೆ ತಾನಾಗಿ ಇಳಿದು ಒಳಗಿನ ಸೀಸಕ್ಕೆ ಗಟ್ಟಿ ಪೊರೆ ಹಿಡಿಯುತ್ತದೆ, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಯಾರಿಗಾದರೂ ಬಳಸಲು ಕೊಡು, ಇಲ್ಲವೇ ಮಾರು. ಸಿಲಿಂಡರ್ ಏಜೆನ್ಸಿಗೆ ಒಪ್ಪಿಸಿ ಚೀಟಿ ತಗೋ. ಕೋಣೆಯಲ್ಲಿ ಅದು ಖಾಲಿಯಾದರೂ ಇರಕೂಡದು. ಹಪ್ಪಳ, ಸಂಡಿಗೆ, ಅರ್ಧ ಉಳಿದ ಉಪ್ಪಿನಕಾಯಿ ಎಲ್ಲ ಹಂಚಿ ಮುಗಿಸು. ಒಂದು ಹಿಡಿ ಅವಲಕ್ಕಿಗೆ ಇಲಿ ನಾಲ್ಕು ಡಬ್ಬಿ ಕೊರೆದೀತು.

ಡಬ್ಬಿಗೆ ನಂಬರು ಬರಿ, ಏನೇನಿದೆ ಅಂತ ಪಟ್ಟಿ ಮಾಡಿ ಫೋಟೋ ತೆಗೆದು ನನಗೂ ಕಳಿಸು. ಬಾಡಿಗೆ ಕರಾರಿನಲ್ಲಿ ಸೋರಿದರೆ ದುರಸ್ತಿ ಯಾರದು, ಮಾಲೀಕರು ಯಾವಾಗ ಒಳಗೆ ಬರಬಹುದು ಎಂಬೆರಡು ಸಾಲು ಇರಲಿ.

ರೋಹಿಣಿ ಮಳೆ ಹಿಡಿಯುವ ಮೊದಲೇ ಎಲ್ಲ ಒಳಗಾಗಬೇಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಮಳೆ ಬಿಟ್ಟು ಹೊಳವಾದ ದಿನ ನೋಡಿಕೊಂಡು ನಾನೋ ಅಪ್ಪಯ್ಯನೋ ಬಂದು ಎರಡು ತಾಸು ಬಾಗಿಲು ತೆಗೆದಿಡುತ್ತೇವೆ. ಜಡಿಮಳೆಯ ದಿನ ಕಿಟಕಿ ತೆಗೆದರೆ ಹೊರಗಿನ ಥಂಡಿಯನ್ನೇ ಕರೆದಂತೆ. ಅದಕ್ಕೆ ನಿನ್ನ ಗೆಳತಿಗೆ ಕೀ ಕೊಟ್ಟು "ವಾರಕ್ಕೊಮ್ಮೆ ಗಾಳಿಯಾಡಿಸು" ಅಂತ ಹೇಳಿ ಹೋಗಬೇಡ.

ಇನ್ನು ಬೀಗ. ಹಿತ್ತಾಳೆಯದು ತಗೋ, ಚಿಲಕ ಸ್ಟೀಲಿನದಿರಲಿ. ಕೀಲಿತೂತಿಗೆ ಎಣ್ಣೆ ಬಿಡದೆ ಪೆನ್ಸಿಲಿನ ಸೀಸದ ಪುಡಿ ಊದು, ಎಣ್ಣೆಗೆ ಮರಳು ಹಿಡಿಯುತ್ತದೆ. ಬೀಗಕ್ಕೆ ಮಳೆ ತಾಗದಂತೆ ಹಳೇ ಸೈಕಲ್ ಟ್ಯೂಬಿನ ತುಂಡು ಮೇಲಿಂದ ಇಳಿಬಿಡು, ಕೆಳಗೆ ಕಟ್ಟಬೇಡ. ಎರಡನೇ ಕೀ ನೀನು ಶಿರಸಿಗೆ ಬಂದಾಗ ನನ್ನ ಕೈಗೇ ಕೊಡು.

ನಿನ್ನ
ಆಯಿ