ಪಾರ್ಟ್ಸ್ ಅಂಗಡಿ ಎದುರು ಸಿಕ್ಕ ಆ ಅಜ್ಜನಿಗೆ

ಟೆಕ್ಸಾಸ್‌ನಲ್ಲಿ ಪಾರ್ಟ್ಸ್ ಅಂಗಡಿ ಎದುರು ಸಿಕ್ಕ ಆ ಅಜ್ಜನಿಗೆ ದೊಡ್ಡ ಥ್ಯಾಂಕ್ಸ್. ಅವರಿಗೆ ಕನ್ನಡ ಬರೋದಿಲ್ಲ, ಆದ್ರೂ ಹೇಳದೆ ಇರೋಕಾಗಲ್ಲ.

ನನ್ನ ಹಳೇ ವಿ6 ಪಿಕಪ್ ಟ್ರಕ್ ಐಡಲ್‌ನಲ್ಲಿ (ನಿಂತಲ್ಲೇ ಎಂಜಿನ್ ಓಡುವಾಗ) ಸರಿಯಾಗೇ ಇರುತ್ತಿತ್ತು, ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಮಾತ್ರ ಜರ್ಕ್ ಹೊಡೆಯುತ್ತಿತ್ತು. ಎಲ್ಲರೂ ಫ್ಯುಯೆಲ್ ಪಂಪ್ ಬದಲಾಯಿಸು ಅಂದರು. ಸುಮ್ನೆ ದುಡ್ಡು ದಂಡ ಅಲ್ವಾ! ಅಜ್ಜ ಮಾತ್ರ, ಲೋಡ್ ಬಿದ್ದಾಗಲೇ ತೊಂದರೆ ಅಂದ್ರೆ ಮೊದಲು ಎಂಜಿನ್ನಿಗೆ ಕಿಡಿ ಕೊಡೋ ಸ್ಪಾರ್ಕ್ ಪ್ಲಗ್ ಮತ್ತು ಅದಕ್ಕೆ ಕರೆಂಟ್ ತರೋ ವೈರ್ ನೋಡು, ಕತ್ತಲಲ್ಲಿ ಎಂಜಿನ್ ಓಡಿಸಿ ವೈರ್‌ಗಳ ಮೇಲೆ ಚೂರು ನೀರು ಸ್ಪ್ರೇ ಮಾಡು, ಕೈ ಮಾತ್ರ ದೂರ ಇರಲಿ ಅಂದರು. ಮಾಡಿದೆ. ಹಿಂದಿನ ವೈರ್‌ನಿಂದ ನೀಲಿ ಕಿಡಿ ಟಕ್ ಟಕ್ ಅಂತ ಎಂಜಿನ್ ಹೆಡ್‌ಗೆ, ಅಂದ್ರೆ ಪ್ಲಗ್ ಕೂರೋ ಲೋಹದ ಭಾಗಕ್ಕೆ, ಹಾರುತ್ತಿತ್ತು. ಕರೆಂಟ್ ಪ್ಲಗ್‌ಗೆ ಹೋಗದೆ ದಾರೀಲೇ ಸೋರುತ್ತಿತ್ತು.

ಆ ಹಿಂದಿನ ಪ್ಲಗ್‌ಗೆ ಮೇಲಿಂದ ಕೈಯೇ ಹೋಗದು. ಎಂಜಿನ್ ತಣ್ಣಗಾದ ಮೇಲೆ ಮುಂದಿನ ಚಕ್ರ ಬಿಚ್ಚಿ, ಒಳಗಿನ ರಬ್ಬರ್ ಹಾಳೆ ಸರಿಸಿ, ಪಾನಾದ ಉದ್ದನೆಯ ಎಕ್ಸ್‌ಟೆನ್ಶನ್ ರಾಡ್‌ಗೆ ಯೂನಿವರ್ಸಲ್ ಜಾಯಿಂಟ್ (ಓರೆಯಾಗಿ ಬಾಗೋ ಕೀಲು) ಹಾಕಿ ಆ ಸಂದಿಯಿಂದ ಬಿಚ್ಚೋದು ಅವರೇ ಹೇಳಿಕೊಟ್ಟ ಉಪಾಯ. ಹೊಸ ಪ್ಲಗ್‌ನ ತುದಿಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ ಬೆರಳಲ್ಲೇ ತಿರುಗಿಸಬೇಕಂತೆ. ಥ್ರೆಡ್ ಸರಿಯಾಗಿ ಕೂರದಿದ್ದರೆ ಪೈಪೇ ಜಾರುತ್ತದೆ, ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಹಾಳಾಗದೆ ಉಳಿಯುತ್ತದೆ. ಹಳೇ ಪ್ಲಗ್‌ಗಳು ಸವೆದು, ತುದಿಯಲ್ಲಿ ಕಿಡಿ ಹಾರೋ ಗ್ಯಾಪ್ ಜಾಸ್ತಿಯಾಗಿತ್ತು. ಪ್ಲಗ್, ವೈರ್ ಎರಡೂ ಹೊಸದು ಹಾಕಿದೆ. ಈಗ ಏರಲ್ಲೂ ಸಲೀಸಾಗಿ ಎಳೆಯುತ್ತದೆ.

ಅಜ್ಜ, ನೀವು ಕೊಟ್ಟ ಜಾಯಿಂಟ್ ಇನ್ನೂ ನನ್ನ ಹತ್ರಾನೇ ಇದೆ. ಅದೇ ಅಂಗಡಿ ಕೌಂಟರ್‌ನಲ್ಲಿ ಕೊಟ್ಟಿರುತ್ತೇನೆ.