ಟ್ಯಾಂಕ್ ಉಜ್ಜದೆ ಬ್ಲೀಚಿಂಗ್ ಪೌಡರ್ ಸುರಿದರೆ ವ್ಯರ್ಥ

ಮಾನ್ಯ ಸಂಪಾದಕರೇ,

ನಲ್ಲಿ ನೀರು ವಾಸನೆ ಬಂತು, ಊರಲ್ಲಿ ವಾಂತಿ ಭೇದಿ ಕಾಣಿಸಿತು ಎಂದೊಡನೆ ಓವರ್‌ಹೆಡ್ ಟ್ಯಾಂಕಿಗೆ ಇನ್ನೆರಡು ಬೊಗಸೆ ಬ್ಲೀಚಿಂಗ್ ಪೌಡರ್ ಸುರಿಯುವುದು ರೂಢಿ. ಟ್ಯಾಂಕಿನ ಒಳಗೋಡೆ ಮುಟ್ಟಿದರೆ ಬೆರಳು ಜಾರುವಷ್ಟು ಲೋಳೆ ಇದ್ದರೆ, ಸುರಿದದ್ದರಲ್ಲಿ ಬಹುಪಾಲು ದಂಡ.

ಆ ಲೋಳೆ ಬ್ಯಾಕ್ಟೀರಿಯಾಗಳು ತಾವೇ ಕಟ್ಟಿಕೊಂಡ ಗೂಡು. ಬ್ಲೀಚಿಂಗ್ ಪೌಡರ್‌ನ ಕ್ಲೋರಿನ್ ಅದರ ಮೇಲ್ಪದರದಲ್ಲೇ ಖರ್ಚಾಗುತ್ತದೆ, ಒಳಗಿನ ಸೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಉಳಿದುಬಿಡುತ್ತವೆ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಲೋಳೆ ಮೇಯುವ ಅಮೀಬಾದ ಒಳಗೇ ಅಡಗುತ್ತದೆ. ಕ್ಷಯದ ಬ್ಯಾಕ್ಟೀರಿಯಾದ ದಾಯಾದಿ ಮೈಕೋಬ್ಯಾಕ್ಟೀರಿಯಂ ಏವಿಯಂಗೆ ಗೂಡೂ ಬೇಕಿಲ್ಲ, ಮೇಣದಂಥ ಹೊರಕವಚವೇ ರಕ್ಷೆ. ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಇರುವ ತಿಳಿನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇ.ಕೋಲಿ ನಿಮಿಷದೊಳಗೆ ಸಾಯುತ್ತದೆ. ಏವಿಯಂ ಸಾಯಲು ಒಂದೂವರೆ ಗಂಟೆಗೂ ಹೆಚ್ಚು, ಕೆಲವು ತಳಿಗಳಿಗೆ ಆರು ಗಂಟೆಗೂ ಹೆಚ್ಚು ಬೇಕು. ಕ್ಲೋರಿನ್ ಹಾಕಿದ ಮೇಲೆ ನೀರು ಬಿಡುವ ಮುನ್ನ ನಾವು ಸಾಮಾನ್ಯವಾಗಿ ಕೊಡುವುದು 30 ನಿಮಿಷ. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 8 ದಾಟಿದ್ದರೆ ಕ್ಲೋರಿನ್ನಿನ ಕೊಲ್ಲುವ ಶಕ್ತಿ ಇನ್ನೂ ಕುಗ್ಗುತ್ತದೆ.

ನೀರು ಪರೀಕ್ಷೆಗೆ ಬಳಸುವ ಎಚ್2ಎಸ್ ಬಾಟಲಿ ಕಪ್ಪಾಗದ್ದನ್ನು ನೋಡಿ ನೀರು ಶುದ್ಧ ಎಂದುಕೊಳ್ಳುವುದೂ ತಪ್ಪು. ಆ ಪರೀಕ್ಷೆ ಹುಡುಕುವುದು ಮಲದ ಸೋಂಕಿನ ಗುರುತನ್ನು. ಲೋಳೆಯಲ್ಲಿ ಬೆಳೆದವು ಅದರ ಕಣ್ಣಿಗೆ ಬೀಳುವುದಿಲ್ಲ. ಗಟ್ಟಿಮುಟ್ಟಾದವರಿಗೆ ಇವುಗಳಿಂದ ತೊಂದರೆ ಅಪರೂಪ. ಶ್ವಾಸಕೋಶದ ಕಾಯಿಲೆಯವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿ ಆದವರು ಕುದಿಸಿ ಆರಿಸಿದ ನೀರನ್ನೇ ಕುಡಿಯಬೇಕು.

ಹಾಗಾಗಿ ಮೊದಲು ಉಜ್ಜಬೇಕು, ಕ್ಲೋರಿನ್ ಆಮೇಲೆ. ಟ್ಯಾಂಕ್ ಖಾಲಿ ಮಾಡಿ, ತಳದ ಕೆಸರನ್ನು ವಾಶ್‌ಔಟ್ ಪೈಪಿನಿಂದ ಹೊರಹಾಕಿ, ಗೋಡೆ, ತಳ, ಮುಚ್ಚಳದ ಒಳಮೈಯನ್ನು ನೈಲಾನ್ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಪ್ಲಾಸ್ಟಿಕ್ ಟ್ಯಾಂಕಿಗೆ ತಂತಿ ಬ್ರಷ್ ಬೇಡ, ಗೀರಿನಲ್ಲಿ ಲೋಳೆ ಮತ್ತೆ ಬೇಗ ಹಿಡಿಯುತ್ತದೆ. ಬಳಿಕ ನೀರು ತುಂಬಿಸಿ 1000 ಲೀಟರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕಬೇಕು. ಪೌಡರ್‌ನಲ್ಲಿ ಶೇ 25 ಕ್ಲೋರಿನ್ ಉಳಿದಿದ್ದರೆ ಇದು ಲೀಟರಿಗೆ 50 ಮಿಲಿಗ್ರಾಂ ಆಗುತ್ತದೆ. ಬಾಯಿ ತೆರೆದು ಇಟ್ಟ, ತೇವ ಹಿಡಿದ ಚೀಲದಲ್ಲಿ ಅಷ್ಟು ಇರುವುದಿಲ್ಲ. ಪೌಡರನ್ನು ನೇರ ಸುರಿಯದೆ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನಷ್ಟೇ ಸೇರಿಸಿ. ಪ್ರತಿ ನಲ್ಲಿಯನ್ನೂ ಕ್ಲೋರಿನ್ ವಾಸನೆ ಬರುವವರೆಗೆ ತೆರೆದು ಮುಚ್ಚಿ, ಆರು ಗಂಟೆ ಹಾಗೇ ಬಿಡಿ. ಆ ಹೊತ್ತಿನಲ್ಲಿ ಆ ನೀರನ್ನು ಯಾರೂ ಬಳಸಬಾರದು. ನಂತರ ಪೂರ್ತಿ ಖಾಲಿ ಮಾಡಿ ಹೊಸ ನೀರು ತುಂಬಿಸಿ.

ಎರಡು ಎಚ್ಚರಿಕೆ ಜೀವಕ್ಕೆ ಸಂಬಂಧಿಸಿದ್ದು. ಕಲೆ ಹೋಗಲೆಂದು ತಂದ ಆ್ಯಸಿಡ್ ಬ್ಲೀಚಿಂಗ್ ಪೌಡರ್‌ಗೆ ತಾಗಿದರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಸಂಪಿನೊಳಗೆ ಒಬ್ಬರೇ ಇಳಿಯಬಾರದು, ಮುಚ್ಚಳ ತೆರೆದು ಗಾಳಿಯಾಡಲು ಬಿಟ್ಟು, ಮೇಲೊಬ್ಬರು ನಿಂತಿರಬೇಕು.

ಶುದ್ಧ ನೀರಿನ ಘಟಕಗಳ ವಿಷಯವೂ ಹೀಗೇ. ಅಲ್ಲಿನ ಕಾರ್ಬನ್ ಫಿಲ್ಟರ್ ಕ್ಲೋರಿನ್ನನ್ನು ತೆಗೆದುಬಿಡುತ್ತದೆ. ಆರ್‌ಒ ದಾಟಿ ತೊಟ್ಟಿಯಲ್ಲಿ ನಿಂತ ನೀರಿಗೆ ಕಾವಲೇ ಇಲ್ಲ. ಆ ತೊಟ್ಟಿಯನ್ನೂ ನಲ್ಲಿಯ ಮೂತಿಯನ್ನೂ ತೊಳೆಯದಿದ್ದರೆ ದುಡ್ಡು ಕೊಟ್ಟು ಹಿಡಿದ ಕ್ಯಾನಿಗೂ ಅದೇ ಲೋಳೆ ಇಳಿಯುತ್ತದೆ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುವ ಉಳಿಕೆ ಕ್ಲೋರಿನ್ (ನೀರಿನಲ್ಲಿ ಖರ್ಚಾಗದೆ ಉಳಿದ ಕ್ಲೋರಿನ್) ಕನಿಷ್ಠ ಲೀಟರಿಗೆ 0.2 ಮಿಲಿಗ್ರಾಂ. ಅದನ್ನು ಅಳೆಯಬೇಕಾದದ್ದು ಟ್ಯಾಂಕಿನ ಬುಡದಲ್ಲಲ್ಲ, ಕೊಳವೆ ಸಾಲಿನ ಕಟ್ಟಕಡೆಯ ಮನೆಯಲ್ಲಿ. ಟ್ಯಾಂಕಿನಲ್ಲಿ 1 ಮಿಲಿಗ್ರಾಂ ಇದ್ದು ಕೊನೆಯ ನಲ್ಲಿಯಲ್ಲಿ ಸೊನ್ನೆ ಬಂದರೆ ನಡುವೆ ಲೋಳೆಯೋ ಕೆಸರೋ ಒಡೆದ ಕೊಳವೆಯೋ ಅದನ್ನು ನುಂಗುತ್ತಿದೆ ಎಂದೇ ಅರ್ಥ. ಟ್ಯಾಂಕಿನ ಮೇಲೆ ಸ್ವಚ್ಛಗೊಳಿಸಿದ ದಿನಾಂಕ ಬರೆಸುವ ಪಂಚಾಯಿತಿಗಳು, ಅದರ ಪಕ್ಕದಲ್ಲೇ ಕೊನೆಯ ನಲ್ಲಿಯ ಕ್ಲೋರಿನ್ ಪ್ರಮಾಣವನ್ನೂ ವಾರಕ್ಕೊಮ್ಮೆ ಬರೆಸಲಿ.

– ಕುಡಿಯುವ ನೀರಿನ ಪರೀಕ್ಷಕರು, ತುಮಕೂರು