ಹುಚ್ಚು ನನಗಲ್ಲ, ನಾಡಿಗೆ

ಮಾನ್ಯ ಸಂಪಾದಕರೇ,

ಗುರುವಾರದ ಪತ್ರಿಕೆಯಲ್ಲಿ ‘ಕೌಂಟರ್ ಮುಂದೆ ವೃದ್ಧನ ರಂಪಾಟ’ ಎಂದು ಬಂದಿದೆಯಲ್ಲ, ಆ ವೃದ್ಧ ನಾನೇ. ‘ಮಾನಸಿಕ ಅಸ್ವಸ್ಥ ಎನ್ನಲಾದ’ ಎಂದೂ ಸೇರಿಸಿದ್ದೀರಿ. ಯಾರು ಅಂದರು ಸ್ವಾಮಿ? ಕೌಂಟರಿನವರು ಅಂದರು, ನೀವು ಬರೆದಿರಿ. ಬೆಳಿಗ್ಗೆಯಿಂದ ಮೂರು ಜನ ಫೋನ್ ಮಾಡಿ, ಮಗುವನ್ನು ಮಾತಾಡಿಸುವ ದನಿಯಲ್ಲಿ ‘ಈಗ ಹೇಗಿದ್ದೀರಿ’ ಎಂದು ಕೇಳಿದ್ದಾರೆ. ಅವರಲ್ಲಿ ಒಬ್ಬರು ನಮ್ಮ ಬೀಗರು.

ನನಗಿರುವುದು ನಾಡಿ ತಪ್ಪುವ ಕಾಯಿಲೆ. ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ಆ ಖರ್ಚಿನ ಬಿಲ್ಲು ಪಾಸು ಮಾಡಿಸಲು ಕಚೇರಿಗೆ ಓಡಾಡುತ್ತಿದ್ದೇನೆ. ಕಾಯಿಲೆ ಯಾವಾಗ ಶುರುವಾಯಿತು, ಮೊದಲ ಚೀಟಿ ಕೊಡಿ ಅಂದರು. 1988ರ ಚೀಟಿ ಟ್ರಂಕಿನ ತಳದಲ್ಲಿತ್ತು. ಈಗಿಲ್ಲದ ನಮ್ಮ ಹಳೇ ಡಾಕ್ಟರು ನೀಲಿ ಮಸಿಯಲ್ಲಿ ‘ಡೆಲಿರಿಯಂ ಕಾರ್ಡಿಸ್’ ಎಂದು ಬರೆದಿದ್ದರು. ಕೌಂಟರಿನ ಪುಣ್ಯಾತ್ಮ ಮೊದಲ ಪದವನ್ನಷ್ಟೇ ಮೊಬೈಲಿನಲ್ಲಿ ಹುಡುಕಿದ. ‘ಇದು ಬುದ್ಧಿಭ್ರಮಣೆ ಸಾರ್, ಮನೋವೈದ್ಯರ ಸರ್ಟಿಫಿಕೇಟ್ ತನ್ನಿ’ ಅಂದ. ಎರಡನೇ ಪದ ಏನಪ್ಪಾ ಅಂದೆ. ‘ಅದು ಡಾಕ್ಟರ ಹೆಸರಿರಬೇಕು’ ಅಂದ. ಆಗ ನಾನು ದನಿ ಏರಿಸಿದ್ದು ನಿಜ.

ಕಾರ್ಡಿಸ್ ಅಂದರೆ ಲ್ಯಾಟಿನ್‌ನಲ್ಲಿ ‘ಹೃದಯದ’ ಎಂದು. ಡೆಲಿರಿಯಂ ಅನ್ನುವುದಂತೂ ಹೊಲದಿಂದ ಬಂದ ಮಾತು. ‘ಲೀರಾ’ ಅಂದರೆ ನೇಗಿಲ ಸಾಲು, ‘ಡೆ’ ಅಂದರೆ ಅದರಿಂದ ಆಚೆ. ಎತ್ತು ಸಾಲು ಬಿಟ್ಟು ಅಡ್ಡ ಎಳೆಯುತ್ತದಲ್ಲ, ಅದೇ. ಬುದ್ಧಿ ಸಾಲು ತಪ್ಪಿದರೆ ಭ್ರಮೆ, ಹೃದಯ ಸಾಲು ತಪ್ಪಿದರೆ ಡೆಲಿರಿಯಂ ಕಾರ್ಡಿಸ್. ರೈತನ ಮಗನಾದ ನನಗೆ ಡಾಕ್ಟರು ಹೀಗೇ ಹೇಳಿಕೊಟ್ಟಿದ್ದರು. ನನ್ನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟರು. ಎರಡು ಬಡಿತ ಒಂದರ ಮೇಲೊಂದು, ಆಮೇಲೆ ಏನೂ ಇಲ್ಲ, ಆಮೇಲೆ ಒಂದು ದೊಡ್ಡದು. ಕಾಂಪೌಂಡರ್ ಕೈ ನಾಡಿ ಎಣಿಸಿದ, ಡಾಕ್ಟರು ಅದೇ ನಿಮಿಷ ಎದೆಗೆ ಸ್ಟೆತಸ್ಕೋಪ್ ಇಟ್ಟು ಎಣಿಸಿದರು. ಎದೆಯಲ್ಲಿ 110, ಕೈಯಲ್ಲಿ 86. ಬಲ ಸಾಲದ ಬಡಿತಗಳು ಕೈವರೆಗೆ ಬಂದು ಮುಟ್ಟುವುದೇ ಇಲ್ಲ. ನಮ್ಮ ಅರ್ಜಿಗಳ ಹಾಗೆ.

ಜರ್ಮನಿಯ ನೋತ್ನಾಗೆಲ್ ಎಂಬ ವೈದ್ಯರು 1876ರಲ್ಲೇ ಈ ಹೆಸರಿನಲ್ಲಿ ಇಂಥ ನಾಡಿಯ ಬಗ್ಗೆ ಬರೆದಿದ್ದಾರೆ. 1903ರಲ್ಲಿ ಹೆರಿಂಗ್ ಎಂಬುವರು ಬಾಯಿ ತಿರುಗದ ಇನ್ನೊಂದು ಹೆಸರಿಟ್ಟರು, ಪಲ್ಸಸ್ ಇರ್ರೆಗ್ಯುಲಾರಿಸ್ ಪರ್ಪೆಚುಸ್. ಸದಾ ತಪ್ಪುವ ನಾಡಿ ಎಂದು ಅರ್ಥ. ಹೃದಯದ ಮೇಲಿನ ಕೋಣೆಗಳು ಬಡಿಯುವ ಬದಲು ಸುಮ್ನೆ ಅದುರುತ್ತವೆ, ಅದಕ್ಕೇ ನಾಡಿ ಹೀಗಾಗುತ್ತದೆ ಎಂದು 1909ರಲ್ಲಿ ಲಂಡನ್ನಿನ ಥಾಮಸ್ ಲೂಯಿಸ್ ಇಸಿಜಿಯಿಂದ ತೋರಿಸಿದರು. ಈಗ ಏಟ್ರಿಯಲ್ ಫಿಬ್ರಿಲೇಷನ್ ಅನ್ನುತ್ತಾರೆ. ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅನ್ನುತ್ತೀರಾ? ನಾಲ್ಕು ದಿನ ಅದೇ ಕ್ಯೂನಲ್ಲಿ ನಿಂತಿದ್ದೆ. ಓದಲು ಬೇಕಾದಷ್ಟು ಟೈಮ್ ಇತ್ತು.

ಪುಣ್ಯಕ್ಕೆ ನಾನು ಆಯುರ್ವೇದದ ಚೀಟಿ ಒಯ್ಯಲಿಲ್ಲ. ಶಾರ್ಙ್ಗಧರ ಸಂಹಿತೆಯಲ್ಲಿ ವಾತದ ನಾಡಿ ಹಾವು, ಜಿಗಣೆಯ ಹಾಗೆ, ಪಿತ್ತದ್ದು ಕಾಗೆ, ಕಪ್ಪೆಯ ಹಾಗೆ, ಕಫದ್ದು ಹಂಸದ ಹಾಗೆ. ಹಳೇ ಗ್ರೀಕರೂ ಕಮ್ಮಿಯಿಲ್ಲ, ಜಿಂಕೆ ನೆಗೆತದ ನಾಡಿ ಎಂದು ಒಂದನ್ನು ಕರೆದಿದ್ದರು. ‘ಕಪ್ಪೆ’ ಎಂದು ಬರೆದಿದ್ದರೆ ನನ್ನನ್ನು ಸೀದಾ ದನದ ಆಸ್ಪತ್ರೆಗೆ ಕಳಿಸುತ್ತಿದ್ದರು.

ಆ ಕಚೇರಿ ಕಟ್ಟಡದ ಕಥೆ ನಿಮ್ಮ ಓದುಗರಿಗೆ ಹೊಸದಲ್ಲ. ಲಿಫ್ಟ್ ಕೆಟ್ಟು ಎರಡು ಚುನಾವಣೆ ಆಯಿತು. ಹೃದ್ರೋಗಿಗಳ ಕೌಂಟರ್ ಇಟ್ಟಿರುವುದು ಮೂರನೇ ಮಹಡಿಯಲ್ಲಿ. ಯಾವ ಮಹಾಜಾಣನ ತಲೆಯೋ! ಮೊದಲ ದಿನ ಸರ್ವರ್ ಡೌನ್, ಎರಡನೇ ದಿನ ಸಾಹೇಬರು ಮೀಟಿಂಗ್, ಮೂರನೇ ದಿನ ಸಾಹೇಬರು ಬಂದರು, ಸೀಲು ಬೀರುವಿನಲ್ಲಿತ್ತು, ಕೀಲಿ ರಜೆ ಹಾಕಿದವನ ಹತ್ತಿರ. ಹಿಂದೆ ಇಂಥದೇ ಇನ್ನೊಂದು ಕಚೇರಿ ನನ್ನ ರೇಷನ್ ಕಾರ್ಡಿನಲ್ಲಿ ನನ್ನನ್ನು ‘ಸ್ತ್ರೀ’ ಮಾಡಿತ್ತು. ತಿದ್ದಿಸಲು ಹನ್ನೊಂದು ತಿಂಗಳು ಬೇಕಾಯಿತು. ಜಮೀನಿನ ಪೋಡಿ ವಿಷಯ ತೆಗೆದರೆ ನಿಮ್ಮ ಪುಟ ಸಾಲದು, ಬಿಡಿ.

ಆದ್ದರಿಂದ ನೀವು ತಿದ್ದುಪಡಿ ಹಾಕಬೇಕು, ರಂಪಾಟ ಎಂದು ಹಾಕಿದಷ್ಟೇ ದೊಡ್ಡ ಅಕ್ಷರದಲ್ಲಿ. ಅವರು ನನ್ನ ಬಿಲ್ಲು ಪಾಸು ಮಾಡಬೇಕು. ಆಗದಿದ್ದರೆ ಲಿಫ್ಟಾದರೂ ರಿಪೇರಿ ಮಾಡಲಿ. ಅದೂ ಆಗದಿದ್ದರೆ ಕೌಂಟರ್ ಮುಂದೆ ಒಂದು ಬೆಂಚು ಹಾಕಲಿ, ಅಥವಾ ಎರಡೂ ಪದ ಓದಲು ಬರುವ ಯಾರನ್ನಾದರೂ ಕೂರಿಸಲಿ. ಸೋಮವಾರ ನಾನು ಮತ್ತೆ ಹೋಗುತ್ತಿದ್ದೇನೆ. ನಿಮ್ಮ ವರದಿಗಾರರೂ ಬರಲಿ, ಈ ಸಲ ಮೊದಲು ನನ್ನನ್ನು ಮಾತಾಡಿಸಲಿ. ಮಹಡಿ ಹತ್ತುವಾಗ ನನ್ನ ಚೀಲ ಹಿಡಿದುಕೊಂಡರೂ ಆದೀತು.

— ಸಾಲು ತಪ್ಪಿದ ನಾಡಿಯ, ತಲೆ ನೆಟ್ಟಗಿರುವ ಒಬ್ಬ ಓದುಗ